ಬಿದಿರಿನ ಕೊಳವೆಯಲ್ಲಿ ಸಿಕ್ಕಿಕೊಂಡ ರಾಗಿ: ಬಿಳಿಗಿರಿರಂಗನ ಬೆಟ್ಟದ ಮಕ್ಕಳಿಗಾಗಿ ಒಂದು ಮನವಿ

ಆತ್ಮೀಯರೇ,

ಹೋದ ಡಿಸೆಂಬರಿನಲ್ಲಿ ಒಂದು ಪೋಡಿಗೆ ಹೋಗಿದ್ದೆವು. ಈ ಬೆಟ್ಟದ ಬುಡಕಟ್ಟು ಜನ ಸೋಲಿಗರ ಪುಟ್ಟ ಊರಿಗೆ ಇಲ್ಲಿ ಪೋಡು ಅನ್ನುತ್ತಾರೆ. ಒಂಬತ್ತು ವರ್ಷದ ಒಬ್ಬಳು ಹುಡುಗಿ ಕಂಬಳಿ ಹೊದ್ದು ಒಲೆಯ ಮುಂದೆ ಕೂತಿದ್ದಳು. ಎರಡೂ ಕೈಯಲ್ಲಿ ಮೊಣಕಾಲು ಹಿಡಿದುಕೊಂಡಿದ್ದಳು. ಅಳುತ್ತಿರಲಿಲ್ಲ. ರಾತ್ರಿಯೆಲ್ಲ ಅತ್ತು ದನಿಯೇ ಹೋಗಿತ್ತು. ಅವರವ್ವ ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ, ಶಾಖ ಕೊಡುತ್ತಿದ್ದರು. 'ಮೂರು ವರ್ಷದಿಂದ ಚಳಿ ಬಂತು ಅಂದ್ರೆ ಹಿಂಗೇ ಸಿಸ್ಟರ್' ಅಂದರು. ಪೇಟೆಯ ಆಸ್ಪತ್ರೆಗೂ ಕರೆದುಕೊಂಡು ಹೋಗಿದ್ದರಂತೆ. ಬೆಳೆಯೋ ಮಕ್ಕಳಿಗೆ ಕೈಕಾಲು ನೋವು ಇದ್ದದ್ದೇ ಅಂತ ಹೇಳಿ, ಹಚ್ಚಲು ಮುಲಾಮು ಕೊಟ್ಟು ಕಳಿಸಿದ್ದರು. ಕಣ್ಣು ಹಳದಿ ಆಗಿತ್ತು ಅಂತ ಮನೆಯಲ್ಲಿ ಕಾಮಾಲೆ ಮದ್ದೂ ಆಗಿತ್ತು.

ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದೆವು. ಆಮೇಲೆ ಲ್ಯಾಬಿನ ಪರೀಕ್ಷೆಯೂ ಅದನ್ನೇ ಹೇಳಿತು. ಅದು ಸಿಕಲ್ ಸೆಲ್, ಕುಡಗೋಲು ಕಣದ ರಕ್ತಹೀನತೆ.

ನಾನು ಈ ಬೆಟ್ಟದಲ್ಲಿ ನರ್ಸ್ ಆಗಿ ಕೆಲಸ ಮಾಡುವವಳು. ನಮ್ಮದು ಚಿಕ್ಕ ಟ್ರಸ್ಟ್. ಒಬ್ಬರು ಡಾಕ್ಟರು, ಇಬ್ಬರು ಸೋಲಿಗ ಆರೋಗ್ಯ ಕಾರ್ಯಕರ್ತೆಯರು, ನಾನು, ಮತ್ತೆ ಹಾಡಿ ಕುಣಿಯುವ ಹನ್ನೊಂದು ಜನ ಪೋಡಿನ ಹುಡುಗ ಹುಡುಗಿಯರು. ಹಣ ಕೇಳುವುದಕ್ಕೆ ಮೊದಲು ನಮ್ಮ ಕೆಲಸ ಏನು ಅನ್ನುವುದನ್ನು ಹೇಳಿಬಿಡುತ್ತೇನೆ.

ಈ ಕಾಯಿಲೆಯನ್ನು ಪೋಡಿನಲ್ಲಿ ಹೇಗೆ ವಿವರಿಸುವುದು ಅಂತ ನಾವು ಬಹಳ ದಿನ ಒದ್ದಾಡಿದೆವು. ಹಿಮೋಗ್ಲೋಬಿನ್, ಜೀನ್ ಅಂತ ಚಾರ್ಟ್ ಹಿಡಿದು ಹೇಳಿದರೆ ಜನ ಮರ್ಯಾದೆಗೆ ತಲೆ ಆಡಿಸುತ್ತಿದ್ದರು, ಅಷ್ಟೇ. ದಾರಿ ತೋರಿಸಿದವನು ನಮ್ಮ ತಂಡದ ಒಬ್ಬ ಹುಡುಗ. ಒಂದು ಬಿದಿರಿನ ಕೊಳವೆ ಕಡಿದು ತಂದ. ಅದರೊಳಗೆ ಒಂದು ಹಿಡಿ ರಾಗಿ ಸುರಿದ. ರಾಗಿ ಸರಸರ ಅಂತ ಕೆಳಗೆ ಇಳಿಯಿತು. 'ಇದು ಒಳ್ಳೇ ರಕ್ತ' ಅಂದ. ಆಮೇಲೆ ಬಿದಿರು ಹೆರೆದಾಗ ಬಿದ್ದ ಸುರುಳಿ ಚೂರುಗಳನ್ನು ರಾಗಿಗೆ ಬೆರೆಸಿ ಸುರಿದ. ಅರ್ಧಕ್ಕೇ ಸಿಕ್ಕಿಕೊಂಡಿತು. ಕೊಳವೆ ತಟ್ಟಿದರೂ ಇಳಿಯಲಿಲ್ಲ. 'ನೋವು ಬರೋದು ಇಲ್ಲೇ' ಅಂತ ಕಟ್ಟಿಕೊಂಡ ಜಾಗಕ್ಕೆ ಬೆರಳಿಟ್ಟು ತೋರಿಸಿದ. ಬೆಂಕಿಯ ಸುತ್ತ ಕೂತಿದ್ದವರು ಒಂದು ಕ್ಷಣ ಮಾತೇ ಆಡಲಿಲ್ಲ. ಆಮೇಲೆ ಒಬ್ಬ ಅಪ್ಪ ಎದ್ದು ಬಂದು ಕೊಳವೆ ಇಸಿದುಕೊಂಡು ಒಳಗೆ ಇಣುಕಿ ನೋಡಿದರು.

ನಿಜಕ್ಕೂ ಆಗುವುದು ಅದೇ. ಕೆಂಪು ರಕ್ತಕಣ ಮೆತ್ತಗೆ, ದುಂಡಗೆ ಇರಬೇಕು. ಈ ಕಾಯಿಲೆಯಲ್ಲಿ ಅದು ಕುಡಗೋಲಿನ ಹಾಗೆ ಬಾಗಿ ಗಟ್ಟಿಯಾಗುತ್ತದೆ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಚಳಿ, ಜ್ವರ, ನೀರು ಕಡಿಮೆ ಕುಡಿಯುವುದು, ಇವೆಲ್ಲ ಅದನ್ನು ಜಾಸ್ತಿ ಮಾಡುತ್ತವೆ. ಒಳ್ಳೆಯ ಕಣ ಸುಮಾರು 120 ದಿನ ಬದುಕಿದರೆ, ಇದು 10ರಿಂದ 20 ದಿನಕ್ಕೇ ಒಡೆದುಹೋಗುತ್ತದೆ. ಆ ಹುಡುಗಿಯ ಕಣ್ಣು ಹಳದಿಯಾಗಿದ್ದು ಅದಕ್ಕೇ.

ಈ ಕಾಯಿಲೆ ಅಪ್ಪ ಅವ್ವನಿಂದ ಮಗುವಿಗೆ ಹೇಗೆ ಬರುತ್ತದೆ ಅಂತ ತೋರಿಸುವ ಇನ್ನೊಂದು ಆಟವೂ ಇದೆ. ಎರಡು ಸೋರೆಬುರುಡೆ, ಒಂದು ಅಪ್ಪ, ಒಂದು ಅವ್ವ. ಎರಡರಲ್ಲೂ ಒಂದೊಂದು ಬಿಳಿ ಮಣಿ, ಒಂದೊಂದು ಕೆಂಪು ಮಣಿ. ಕೆಂಪು ಮಣಿ ಅಂದರೆ ಕಾಯಿಲೆಯ ಜೀನ್. ಅಪ್ಪ ಅವ್ವ ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ, ಯಾಕೆಂದರೆ ಅವರ ಹತ್ತಿರ ಇರುವ ಕೆಂಪು ಮಣಿ ಒಂದೇ. ಮಗು ಪ್ರತಿ ಬುರುಡೆಯಿಂದ ಒಂದೊಂದು ಮಣಿ ತೆಗೆದುಕೊಳ್ಳುತ್ತದೆ. ಎರಡೂ ಕೆಂಪು ಬಂದರೆ ಕಾಯಿಲೆ. ನಾಲ್ಕರಲ್ಲಿ ಒಂದು ಪಾಲು ಹಾಗೆ ಆಗುವ ಸಾಧ್ಯತೆ. ಪ್ರತಿ ಬಸಿರಿಗೂ ಅದೇ ಲೆಕ್ಕ. ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರು ಮಕ್ಕಳು ಕ್ಷೇಮ ಅಂತಲ್ಲ. ಇದನ್ನು ಮಕ್ಕಳು ಕಣ್ಣು ಮುಚ್ಚಿಕೊಂಡು ಮತ್ತೆ ಮತ್ತೆ ಆಡುತ್ತಾರೆ, ದೊಡ್ಡವರು ನೋಡುತ್ತಾ ಕೂರುತ್ತಾರೆ.

ಇದನ್ನೆಲ್ಲ ನಾವು ಪೋಡುಗಳಲ್ಲಿ ನಾಟಕವಾಗಿಯೂ ಆಡಿ ತೋರಿಸುತ್ತೇವೆ. ಆ ನಾಟಕದ ಬಗ್ಗೆ ಒಂದು ವಿಷಯ ಹೇಳಲೇಬೇಕು. ನಾವು ಮೊದಲು ಮಾಡಿದ ನಾಟಕದಲ್ಲಿ ಹುಡುಗ ಹುಡುಗಿ ಇಬ್ಬರಲ್ಲೂ ಕೆಂಪು ಮಣಿ ಇದೆ ಅಂತ ಗೊತ್ತಾಗಿ ಮದುವೆ ಮುರಿದು ಬೀಳುತ್ತಿತ್ತು. ಅದೇ ಸರಿಯಾದ ಪಾಠ ಅಂದುಕೊಂಡಿದ್ದೆವು. ಒಂದು ಪೋಡಿನಲ್ಲಿ ನಾಟಕ ಮುಗಿದ ಮೇಲೆ ಒಬ್ಬ ಅಜ್ಜಿ ಕೇಳಿದರು: 'ಹಂಗಾದ್ರೆ ನಮ್ಮ ಹೆಣ್ಮಕ್ಳಿಗೆ ಮದ್ವೇನೇ ಬ್ಯಾಡ್ವಾ?' ನಮ್ಮ ಹತ್ತಿರ ಉತ್ತರ ಇರಲಿಲ್ಲ. ರಕ್ತ ಪರೀಕ್ಷೆಯ ಚೀಟಿ ಹೆಣ್ಣುಮಕ್ಕಳ ಹಣೆಗೆ ಅಂಟಿಸಿದ ಹಾಗೆ ಆಗಬಾರದು, ಅಲ್ವಾ? ವಾಪಸ್ ಬಂದು ಇಡೀ ನಾಟಕ ಬದಲಾಯಿಸಿದೆವು. ಈಗಿನ ನಾಟಕದಲ್ಲಿ ಇಬ್ಬರೂ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ, ಕೂತು ಮಾತಾಡುತ್ತಾರೆ, ಡಾಕ್ಟರನ್ನು ಕೇಳುತ್ತಾರೆ. ಮದುವೆ ಆಗುವುದೋ ಬಿಡುವುದೋ ಅವರೇ ತೀರ್ಮಾನ ಮಾಡುತ್ತಾರೆ. ಹುಟ್ಟುವ ಮಗುವಿಗೆ ಏನೇನು ನೋಡಿಕೊಳ್ಳಬೇಕು ಅನ್ನುವುದೂ ಅದರಲ್ಲೇ ಬರುತ್ತದೆ. ಒಂದು ಹಾಡೂ ಸೇರಿದೆ, ಸೋಲಿಗರ ನುಡಿಯಲ್ಲೇ. ಹಿಂದೆ ಮಲೇರಿಯಾ ಕಾಡುತ್ತಿದ್ದ ಸೀಮೆಗಳಲ್ಲಿ ಒಂದೇ ಕೆಂಪು ಮಣಿ ಇದ್ದವರನ್ನು ಆ ಮಣಿಯೇ ಕಾಪಾಡಿತ್ತು ಅಂತ ಆ ಹಾಡು ಹೇಳುತ್ತದೆ. ಅದು ವಿಜ್ಞಾನವೂ ಒಪ್ಪಿದ ಮಾತು. ಇದು ಶಾಪ ಅಲ್ಲ, ಯಾರ ತಪ್ಪೂ ಅಲ್ಲ. ಭಾಷಣದಲ್ಲಿ ನಾವು ಇದನ್ನು ಎಷ್ಟು ಸಲ ಹೇಳಿದ್ದೆವೋ. ಹಾಡಿನಲ್ಲಿ ಹೇಳಿದ ಮೇಲೆ ಅವ್ವಂದಿರು ತಾವಾಗಿಯೇ ಮಕ್ಕಳನ್ನು ಕರೆತಂದು ಬೆರಳು ಚಾಚಿಸಿದರು.

ಈ ಬೆಟ್ಟಕ್ಕೆ ಇಂಥ ಕೆಲಸ ಹೊಸದಲ್ಲ. ಡಾ. ಎಚ್. ಸುದರ್ಶನ್ ಇಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಡಾಕ್ಟರು ಬೆಟ್ಟ ಹತ್ತಿ ಬಂದು ಜನರ ಜೊತೆ ಬದುಕಿದರೆ ಏನಾಗುತ್ತದೆ ಅನ್ನುವುದನ್ನು ನಾವೆಲ್ಲ ನೋಡಿದ್ದು ಅವರಿಂದ. ನಮ್ಮದು ಬೇರೆ ಟ್ರಸ್ಟ್, ಅವರ ಮುಂದೆ ತುಂಬಾ ಚಿಕ್ಕದು. ಆದರೆ ಕಲಿತಿದ್ದು ಅಲ್ಲಿಂದಲೇ.

ಸರ್ಕಾರವೂ ಈಗ ಕೈ ಹಾಕಿದೆ. 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಶುರುವಾಯಿತು. 40 ವರ್ಷದ ಒಳಗಿನ 7 ಕೋಟಿ ಜನರನ್ನು ಪರೀಕ್ಷೆ ಮಾಡುವ ಗುರಿ ಇಟ್ಟುಕೊಂಡಿತ್ತು, ಕಾಯಿಲೆಯ ನಿರ್ಮೂಲನೆಗೆ 2047ರ ಗಡುವು ಇದೆ. ಪರೀಕ್ಷೆ ಉಚಿತ. ಹೈಡ್ರಾಕ್ಸಿಯೂರಿಯಾ ಅನ್ನುವ ಮಾತ್ರೆ ಇದೆ. ದಿನಾ ತಪ್ಪದೆ ತೆಗೆದುಕೊಂಡರೆ ಪದೇ ಪದೇ ನೋವು ಬರುವುದು ಕಡಿಮೆಯಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ಕಾಯಿಲೆಯೂ ಸೇರಿದೆ, ಹಾಗಾಗಿ ಅಂಗವಿಕಲರ ಕಾರ್ಡ್ ಮಾಡಿಸಿಕೊಳ್ಳಬಹುದು.

ಹಾಗಾದರೆ ದೇಣಿಗೆ ಯಾಕೆ ಅಂತ ನೀವು ಕೇಳಬಹುದು. ಮಾತ್ರೆ ಇದೆ, ಮಗುವೂ ಇದೆ, ಮಧ್ಯದಲ್ಲಿ ಕಾಡಿದೆ. ಇದು ಹುಲಿ ಸಂರಕ್ಷಿತ ಪ್ರದೇಶ. ಎಷ್ಟೋ ಪೋಡುಗಳಿಗೆ ಬಸ್ಸಿಲ್ಲ. ಕತ್ತಲಾದ ಮೇಲೆ ಆ ದಾರಿ ಆನೆಗಳದ್ದು. ಮಾತ್ರೆ ತೆಗೆದುಕೊಳ್ಳುವ ಮಗುವಿಗೆ ಆಗಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು, ಅದಿಲ್ಲದೆ ಮಾತ್ರೆ ಮುಂದುವರಿಸುವ ಹಾಗಿಲ್ಲ. ಅದಕ್ಕೆ ಅಪ್ಪ ಅವ್ವ ಒಂದು ದಿನದ ಕೂಲಿ ಬಿಡಬೇಕು, ಆಟೋಗೆ ದುಡ್ಡು ಹೊಂದಿಸಬೇಕು. ಎರಡು ತಿಂಗಳು ಬರುತ್ತಾರೆ, ಮೂರನೇ ತಿಂಗಳು ಬರುವುದಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ನಾವೇ ಹೋಗಬೇಕು.

ಈ ವರ್ಷಕ್ಕೆ ನಮಗೆ ಬೇಕಿರುವುದು 6 ಲಕ್ಷ 40 ಸಾವಿರ ರೂಪಾಯಿ. ಜಾಸ್ತಿ ಖರ್ಚು ಜೀಪಿನದ್ದು. ಬಾಡಿಗೆ, ಡೀಸೆಲ್, ಡ್ರೈವರ್ ಎಲ್ಲ ಸೇರಿ ತಿಂಗಳಿಗೆ 20 ಸಾವಿರ, ವರ್ಷಕ್ಕೆ 2 ಲಕ್ಷ 40 ಸಾವಿರ. ಇಬ್ಬರು ಕಾರ್ಯಕರ್ತೆಯರಿಗೆ ತಿಂಗಳಿಗೆ 9 ಸಾವಿರದಂತೆ 2 ಲಕ್ಷ 16 ಸಾವಿರ. ಇದು ಕಡಿಮೆ ಅಂತ ನನಗೆ ಗೊತ್ತು. ದೇಣಿಗೆ ಜಾಸ್ತಿ ಬಂದರೆ ಮೊದಲು ಅದನ್ನೇ ಏರಿಸುತ್ತೇವೆ. ವರ್ಷಕ್ಕೆ 24 ನಾಟಕ, ಒಂದಕ್ಕೆ 5 ಸಾವಿರ. ಅದರಲ್ಲಿ ಕಲಾವಿದರ ಸಂಭಾವನೆ, ಊಟ, ಓಡಾಟ ಎಲ್ಲ ಬಂತು. ಮಕ್ಕಳು ಹಾಡುತ್ತಾರೆ ಅಂತ ಸುಮ್ನೆ ದುಡಿಸಿಕೊಳ್ಳುವುದು ನಮಗೆ ಇಷ್ಟವಿಲ್ಲ. ಉಳಿದ 64 ಸಾವಿರ ತುರ್ತಿಗೆ. ರಾತ್ರಿ ನೋವು ಬಂದ ಮಗುವನ್ನು ಸಾಗಿಸಲು, ರಕ್ತ ಕೊಡಿಸಬೇಕಾದಾಗ ಜೊತೆಗಿರುವವರ ಊಟ ವಸತಿಗೆ.

ನಿಮ್ಮ ಕೈಲಾದಷ್ಟು ಕೊಡಿ. 500 ರೂಪಾಯಿಯೂ ಲೆಕ್ಕಕ್ಕೆ ಬರುತ್ತದೆ. ಮಗುವಿನ ಹುಟ್ಟುಹಬ್ಬಕ್ಕೋ ಹಿರಿಯರ ನೆನಪಿಗೋ ಒಂದು ನಾಟಕದ ಖರ್ಚು ವಹಿಸಿಕೊಳ್ಳಬಹುದು. ಯುಪಿಐ ಕೋಡ್ ಮತ್ತು ಬ್ಯಾಂಕ್ ಖಾತೆಯ ವಿವರ ಈ ಮನವಿಯ ಜೊತೆಗಿರುವ ಚಿತ್ರದಲ್ಲಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಈ ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆ. 2 ಸಾವಿರಕ್ಕಿಂತ ಜಾಸ್ತಿ ನಗದಾಗಿ ಕೊಟ್ಟರೆ ವಿನಾಯಿತಿ ಬರುವುದಿಲ್ಲ, ದಯವಿಟ್ಟು ಬ್ಯಾಂಕಿನ ಮೂಲಕವೇ ಕಳಿಸಿ. ಖರ್ಚಿನ ಪಟ್ಟಿಯನ್ನು ಕೊಟ್ಟವರೆಲ್ಲರಿಗೂ ಆರು ತಿಂಗಳಿಗೊಮ್ಮೆ ಕಳಿಸುತ್ತೇವೆ. ರಕ್ತದಾನ ಮಾಡುವವರು ಚಾಮರಾಜನಗರ, ಮೈಸೂರಿನ ಕಡೆ ಇದ್ದರೆ ಹೆಸರು ಬರೆಸಿ, ಅದೂ ದೊಡ್ಡ ದೇಣಿಗೆಯೇ.

ಆ ಹುಡುಗಿ ಈಗ ದಿನಾ ಮಾತ್ರೆ ತೆಗೆದುಕೊಳ್ಳುತ್ತಾಳೆ. ಶಾಲೆಗೆ ಹೋಗುತ್ತಾಳೆ. ನಾಟಕದಲ್ಲಿ ಕೊಳವೆಗೆ ರಾಗಿ ಸುರಿಯುವ ಕೆಲಸ ಅವಳದ್ದೇ, ಬೇರೆ ಯಾರಿಗೂ ಬಿಡುವುದಿಲ್ಲ. ಇಂಥ ಮಕ್ಕಳು ದಿನವಿಡೀ ನೀರು ಕುಡಿಯುತ್ತಿರಬೇಕು. ಪದೇ ಪದೇ ಹೊರಗೆ ಹೋಗಬೇಕಾಗುತ್ತದೆ, ಬಿಡಿ ಅಂತ ಅವಳ ಮೇಷ್ಟ್ರಿಗೂ ಹೇಳಿ ಬಂದಿದ್ದೇವೆ. ಹಣದ ಬದಲು ಏನಾದರೂ ವಸ್ತು ಕೊಡಬೇಕು ಅನ್ನುವವರು ಸ್ಟೀಲಿನ ನೀರಿನ ಬಾಟಲಿ ಕಳಿಸಿ. ಒಂದು ಲೀಟರಿನದ್ದೇ ಇರಲಿ. ಚಿಕ್ಕದು ಮಧ್ಯಾಹ್ನದ ಊಟದ ಹೊತ್ತಿಗೇ ಖಾಲಿಯಾಗುತ್ತದೆ.

ಟ್ರಸ್ಟಿನ ಎಲ್ಲರ ಪರವಾಗಿ,
ನಿಮ್ಮ ಬೆಟ್ಟದ ಸಿಸ್ಟರ್