ಬಿಡಿಭಾಗ ಸಿಕ್ಕರಲ್ಲವೇ ದುರಸ್ತಿ?

ಮಾನ್ಯ ಸಂಪಾದಕರೇ,

ಮನೆಯ ಫ್ಯಾನು, ಮಿಕ್ಸರು, ಗೀಸರುಗಳ ಸಣ್ಣಪುಟ್ಟ ದೋಷಗಳನ್ನು ಯೂಟ್ಯೂಬ್ ನೋಡಿ ತಾವೇ ಸರಿಪಡಿಸಿಕೊಳ್ಳುವವರು ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಓಣಿಗೊಬ್ಬರಾದರೂ ಸಿಗುತ್ತಾರೆ. ನಿಧಾನವಾಗಿ ತಿರುಗುವ ಫ್ಯಾನಿಗೆ ಬಹುತೇಕ ಬೇಕಾಗಿರುವುದು 2.5 ಮೈಕ್ರೋಫ್ಯಾರಡ್‌ನ ಹೊಸ ಕಂಡೆನ್ಸರ್ (ಕೆಪಾಸಿಟರ್) ಅಷ್ಟೇ. ರುಬ್ಬುವಾಗ ಒಮ್ಮೆಲೇ ನಿಂತ ಮಿಕ್ಸರನ್ನು ತಣಿಯಲು ಬಿಟ್ಟು, ತಳದ ಕೆಂಪು ಗುಂಡಿ ಒತ್ತಿದರೆ ಎಷ್ಟೋ ಸಲ ಮತ್ತೆ ಓಡುತ್ತದೆ.

ನಮ್ಮ ಭಾಗದಲ್ಲಿ ಹೆಚ್ಚು ಕಾಡುವುದು ಗೀಸರ್. ಮಲಪ್ರಭಾ ನೀರು ದಿನಗಟ್ಟಲೆ ಬಾರದಿದ್ದಾಗ ಹಲವು ಮನೆಗಳಲ್ಲಿ ಬೋರ್‌ವೆಲ್ಲಿನ ಗಡಸು ನೀರೇ ಗತಿ. ಅದರಲ್ಲಿನ ಸುಣ್ಣದಂಶ ನೀರು ಕಾಯಿಸುವ ಕಾಯಿಲ್ ಮೇಲೆ ಬಿಳಿ ಚಕ್ಕೆಯಾಗಿ ಕಟ್ಟಿಕೊಂಡು, ಶಾಖ ನೀರಿಗೆ ಸರಿಯಾಗಿ ತಲುಪದೆ, ಕಡೆಗೆ ಕಾಯಿಲ್ಲೇ ಸುಟ್ಟುಹೋಗುತ್ತದೆ. ಟ್ಯಾಂಕಿಗೆ ತುಕ್ಕು ಹಿಡಿಯದಿರಲೆಂದು ಒಳಗಿಟ್ಟಿರುವ ಮೆಗ್ನೀಸಿಯಂ ಸರಳು ತಾನು ಸವೆದು ಟ್ಯಾಂಕನ್ನು ಕಾಯುತ್ತದೆ. ಅದನ್ನು ಆಗಾಗ ಬದಲಿಸಬೇಕೆಂದು ನನಗೆ ತಿಳಿದದ್ದೂ ಕನ್ನಡದ ಒಂದು ವಿಡಿಯೋದಿಂದಲೇ. ಬಿಚ್ಚಿ ನೋಡಿದರೆ ಬೆರಳು ಗಾತ್ರದ ಸರಳಿನಲ್ಲಿ ಉಳಿದದ್ದು ಒಳಗಿನ ಕಬ್ಬಿಣದ ತಂತಿ ಮಾತ್ರ.

ತೊಡಕು ಶುರುವಾದದ್ದು ಆಮೇಲೆ. ಅದೇ ಅಳತೆಯ ಸರಳು, ಜೊತೆಗೊಂದು ನೀರು ಸೋರದಂತೆ ತಡೆಯುವ ರಬ್ಬರ್ ಗ್ಯಾಸ್ಕೆಟ್ ಕೇಳಿಕೊಂಡು ಕೊಪ್ಪೀಕರ ರಸ್ತೆಯ ಅಂಗಡಿಗಳನ್ನು ಸುತ್ತಿದೆ. ಎಲ್ಲರೂ ಕಂಪನಿಯ ಸರ್ವಿಸ್ ಸೆಂಟರ್ ಕಡೆ ಕೈ ತೋರಿಸಿದರು. ಅಲ್ಲಿಯವರೋ, ಬಿಡಿಭಾಗವನ್ನಷ್ಟೇ ಮಾರುವುದಿಲ್ಲ, ನಮ್ಮ ಹುಡುಗನೇ ಬಂದು ಹಾಕುತ್ತಾನೆ, ಅವನ ಭೇಟಿಯ ಶುಲ್ಕ ಬೇರೆ ಎಂದರು.

ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನದಂದೇ, ಕೊಂಡ ವಸ್ತುವನ್ನು ಗ್ರಾಹಕ ತಾನೇ ಅಥವಾ ತನಗೆ ಬೇಕಾದವರಿಂದ ಸರಿಪಡಿಸಿಕೊಳ್ಳುವ ದುರಸ್ತಿ ಹಕ್ಕಿನ ಜಾಲತಾಣ ಆರಂಭಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ವಾಹನಗಳೊಂದಿಗೆ ಗೃಹೋಪಯೋಗಿ ವಸ್ತುಗಳೂ ಅದರ ವ್ಯಾಪ್ತಿಯಲ್ಲಿವೆ. ಹಕ್ಕಿನ ಮಾತು ದಿಲ್ಲಿಯಲ್ಲಿ ಆಯಿತು, ಗ್ಯಾಸ್ಕೆಟ್ ಹುಬ್ಬಳ್ಳಿಗೆ ಬರಲಿಲ್ಲ. ಪ್ರತಿ ಮಾದರಿಯ ಬಿಡಿಭಾಗಗಳ ಸಂಖ್ಯೆ, ದರ ಹಾಗೂ ವೈರಿಂಗ್ ನಕ್ಷೆಯನ್ನು ಕಂಪನಿಗಳು ಕನ್ನಡದಲ್ಲಿ ಒದಗಿಸಿ, ಕೇಳಿದ ಗ್ರಾಹಕನಿಗೆ ಬಿಡಿಭಾಗವನ್ನು ಕೌಂಟರಿನಲ್ಲೇ ಮಾರುವಂತೆ ಸರ್ಕಾರ ನಿಯಮ ಮಾಡಬೇಕು.

ಎಲ್ಲವನ್ನೂ ಮನೆಯಲ್ಲೇ ಬಿಚ್ಚಬಹುದೆಂದು ನಾನು ಹೇಳುತ್ತಿಲ್ಲ. ಮೈಕ್ರೋವೇವ್ ಒಲೆಯ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಲ್ಲದು. ಗೀಸರಿಗೂ ಬರೀ ಸ್ವಿಚ್ ಆರಿಸಿದರೆ ಸಾಲದು, ವಿದ್ಯುತ್ ಫಲಕದಲ್ಲಿರುವ ಸುರಕ್ಷಾ ಸ್ವಿಚ್ಚಾದ ಎಂಸಿಬಿಯನ್ನೇ ಇಳಿಸಿ, ಟೆಸ್ಟರ್ ಹಿಡಿದು ನೋಡಬೇಕು. ಎಷ್ಟೋ ವಿಡಿಯೋಗಳು ಇದನ್ನು ಹಾರಿಸಿ ನೇರ ಸ್ಕ್ರೂ ಬಿಚ್ಚಲು ಹೊರಡುತ್ತವೆ. ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನೂ ಕಂಪನಿಗಳು ಅದೇ ಕನ್ನಡ ಕೈಪಿಡಿಯಲ್ಲಿ ಮುದ್ರಿಸಲಿ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ವಿದ್ಯಾನಗರ, ಹುಬ್ಬಳ್ಳಿ