ಅಮ್ಮನಿಗೆ ಓದಿ ಹೇಳು

ಈ ಸಲದ ಸಂಚಿಕೆ ತಡವಾದದ್ದಕ್ಕೆ ಕಾರಣ ಒಂದು ಪೋಸ್ಟ್ ಕಾರ್ಡು. ಚಾರಿಟಿ ಅಂಗಡಿಯಿಂದ ತಂದ ಹಳೇ ಪುಸ್ತಕದಲ್ಲಿ ಯಾರೋ ಪುಟದ ಗುರುತಿಗೆಂದು ಇಟ್ಟು ಮರೆತದ್ದು. ಒಂದು ಬದಿಗೆ ಇಂಗ್ಲೆಂಡಿನ ಕಡಲತೀರದ ಊರು ಬ್ಲ್ಯಾಕ್‌ಪೂಲಿನ ಟವರ್, ಕಡಲದಂಡೆಯ ತುಂಬ ಟೋಪಿ ಹಾಕಿದ ಜನ. ಇನ್ನೊಂದು ಬದಿಗೆ ಓಲ್ಡಮ್ ಊರಿನ ಒಂದು ಬೀದಿಯ ವಿಳಾಸ, ಪಕ್ಕದಲ್ಲಿ ಪೆನ್ಸಿಲಿನ ಬರಹ. ಸಾರಾಂಶ ಇಷ್ಟು: "ಮಂಗಳವಾರ ರಾತ್ರಿ. ಮೂವರೂ ಸೌಖ್ಯ. ಗಾಳಿ ನನ್ನ ಟೋಪಿಯನ್ನೇ ಹೊತ್ತೊಯ್ದಿತು. ಅಲೆ ಬಡಿಯುವ ಸದ್ದು ಬೆಳಿಗ್ಗೆ ಗಿರಣಿ ಶುರುವಾದ ಹಾಗೆ. ಅಮ್ಮನಿಗೆ ಓದಿ ಹೇಳು. ಶನಿವಾರ ಬರುತ್ತೇವೆ."

ಬರೆದವಳು ಯಾರು, ಓದಿ ಹೇಳಿದವಳು ಯಾರು? ಎತ್ತಿನ ಮೇಲೆ ಬಂದು ಮನೆತನಗಳ ವಂಶಾವಳಿ ಹೇಳುವ ಹೆಳವರ ಕಸುಬಿಗೆ ಕೈ ಹಾಕಿದೆ; ಎತ್ತೊಂದು ಇರಲಿಲ್ಲ, ಅಷ್ಟೇ. ಹೆಸರುಗಳನ್ನು ಇಲ್ಲಿ ಹಾಕುತ್ತಿಲ್ಲ. ಆ ಮನೆತನದವರು ಎಲ್ಲೋ ಇದ್ದಾರು.

ಮೊದಲ ತೊಡಕು ಇಸವಿಯದು. ಅಂಚೆ ಮುದ್ರೆಯಲ್ಲಿ ಆಗಸ್ಟ್ 31 ಎಂಬುದು ಕಾಣುತ್ತದೆ, ವರ್ಷ ಮಸಿಯಲ್ಲಿ ಮುಳುಗಿದೆ. ಬ್ರಿಟನ್ನಿನಲ್ಲಿ ವಿಳಾಸದ ಬದಿಯಲ್ಲೇ ಒಕ್ಕಣೆಯನ್ನೂ ಬರೆಯಲು ಬಿಟ್ಟದ್ದು 1902ರಿಂದ. ಅಂಚೆಚೀಟಿ ಏಳನೇ ಎಡ್ವರ್ಡನ ತಲೆಯ ಹಸಿರು ಅರ್ಧ ಪೆನ್ನಿಯದು. ಅದರ ಹಸಿರು ಮೊದಲು ನೀಲಿ ಬೆರೆತಂತಿತ್ತು, 1904ರ ನವೆಂಬರಿನಿಂದ ಹಳದಿಗೆ ತಿರುಗಿತು. ನನ್ನದು ಹಳದಿ ಹಸಿರು. ಮುಂದಿನ ರಾಜನ ಅಂಚೆಚೀಟಿ ಬಂದದ್ದು 1911ರ ಜೂನಿನಲ್ಲಿ. ಅಂದರೆ 1905ರಿಂದ 1910ರವರೆಗಿನ ಆರು ಬೇಸಿಗೆಗಳಲ್ಲಿ ಒಂದು. ಮಿಕ್ಕದ್ದನ್ನು ಅವಳೇ ಹೇಳಿದ್ದಳು: ಮಂಗಳವಾರ. ಆ ಆರು ವರ್ಷಗಳಲ್ಲಿ ಆಗಸ್ಟ್ 31 ಮಂಗಳವಾರ ಬಿದ್ದದ್ದು ಒಂದೇ ಸಲ, 1909ರಲ್ಲಿ. ಇದನ್ನು ಕಂಡುಕೊಂಡ ರಾತ್ರಿ ಮನೆಯವರನ್ನೆಲ್ಲ ಎಬ್ಬಿಸಿ ಹೇಳಿದೆ. ಯಾರಿಗೂ ಅಷ್ಟೊಂದು ಸಂತೋಷವಾದಂತೆ ಕಾಣಲಿಲ್ಲ.

ಲ್ಯಾಂಕಾಶೈರಿನ ಹತ್ತಿ ಗಿರಣಿ ಊರುಗಳಿಗೆ ವರ್ಷಕ್ಕೊಮ್ಮೆ ವೇಕ್ಸ್ ರಜೆ. ಒಂದೊಂದು ಊರಿಗೆ ಒಂದೊಂದು ವಾರ. ಓಲ್ಡಮ್‌ನದು ಆಗಸ್ಟ್ ಕೊನೆಗೆ. ಗಿರಣಿಗಳೆಲ್ಲ ಒಟ್ಟಿಗೆ ಬಾಗಿಲು ಹಾಕುತ್ತಿದ್ದವು, ಊರಿಗೆ ಊರೇ ರೈಲು ಹತ್ತಿ ಕಡಲಿಗೆ ಹೋಗುತ್ತಿತ್ತು. ಆ ವಾರದ ಸಂಬಳ ಇಲ್ಲ. ವರ್ಷವಿಡೀ ಗಿರಣಿಯ, ಇಗರ್ಜಿಯ ಉಳಿತಾಯ ಕೂಟಗಳಲ್ಲಿ ಪುಡಿಗಾಸು ಕೂಡಿಟ್ಟೇ ಹೋಗಬೇಕು. ಸಂಬಳದ ರಜೆಯ ಕಾಯಿದೆ ಬಂದದ್ದು 1938ರಲ್ಲಿ. ಅಷ್ಟು ಜನ ಹೊರಟ ವಾರದಲ್ಲಿ ಈ ಒಬ್ಬಳು ಯಾಕೆ ಮನೆಯಲ್ಲಿ ಉಳಿದಳು? ದುಡ್ಡು ಸಾಲದ್ದಕ್ಕೆ ಇರಬೇಕು, ಅಮ್ಮನಿಗೆ ಓದು ಬರುತ್ತಿರಲಿಲ್ಲ ಎಂದೇ ಆ ಮಾತು ಬರೆದಿರಬೇಕು ಎಂದುಕೊಂಡೆ.

1911ರ ಏಪ್ರಿಲ್ 2ರ ಜನಗಣತಿಯಲ್ಲಿ ಅದೇ ಮನೆ ಸಿಕ್ಕಿತು. ಮನೆಯವರೇ ಕೈಯಾರೆ ತುಂಬಿದ ಹಾಳೆ ಹಾಗೆಯೇ ಉಳಿದುಬಂದದ್ದು ಆ ಗಣತಿಯ ವಿಶೇಷ. ಯಜಮಾನಿ ವಿಧವೆ. ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು, ನಾಲ್ವರೂ ಗಿರಣಿಯಲ್ಲಿ. ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದರು, ಎಷ್ಟು ತೀರಿಕೊಂಡರು ಎಂದು ಗಂಡ ಬದುಕಿದ್ದವರನ್ನು ಮಾತ್ರ ಕೇಳಬೇಕಿತ್ತು. ವಿಧವೆಯರೂ ತುಂಬಿಬಿಡುತ್ತಿದ್ದರು, ಗಣತಿಯವರು ಆಮೇಲೆ ಹೊಡೆದುಹಾಕುತ್ತಿದ್ದರು. ಇಲ್ಲೂ ಗೀಟು ಬಿದ್ದಿದೆ. ಗೀಟಿನಡಿ ಓದಬಹುದು: ಏಳು, ನಾಲ್ಕು, ಮೂರು. ಹಾಳೆಯ ಕಡೆಯ ಕಾಲಂ ಅಂಗವೈಕಲ್ಯದ್ದು. 2012ರವರೆಗೆ ಅದನ್ನು ಸಾರ್ವಜನಿಕರಿಗೆ ತೋರಿಸುತ್ತಿರಲಿಲ್ಲ. ತಾಯಿಯ ಹೆಸರಿನ ನೇರಕ್ಕೆ ಬರೆದಿತ್ತು: ಪೂರ್ತಿ ಕುರುಡು.

ಕಾರ್ಡನ್ನು ಮತ್ತೆ ತೆಗೆದು ಓದಿದೆ. 518 ಅಡಿಯ ಟವರಿನ ಚಿತ್ರವಿರುವ ಕಾರ್ಡಿನಲ್ಲಿ ಕಣ್ಣಿಗೆ ಕಂಡದ್ದೊಂದೂ ಇಲ್ಲ. ಗಾಳಿ ಇದೆ, ಸದ್ದು ಇದೆ. ಆ ತಾಯಿ ಬಲ್ಲ ಗಿರಣಿಯ ಸದ್ದು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಮನೆಯಲ್ಲಿ ಉಳಿದವಳು ಮುಂದೇನಾದಳು ಎಂಬ ಹುಳ ತಲೆ ಹೊಕ್ಕಿತ್ತು. ಇಂಗ್ಲೆಂಡಿನ ಮದುವೆ ಸೂಚಿಯಲ್ಲಿ 1912ರಿಂದ ಗಂಡ-ಹೆಂಡಿರಲ್ಲಿ ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಮನೆತನದ ಹೆಸರೂ ಇರುತ್ತದೆ, ಹುಡುಕುವವರಿಗೆ ವರ. ಅವಳ ಹೆಸರು ಸಿಕ್ಕಿತು. 1921ರ ಗಣತಿಯಲ್ಲಿ ಅವಳು ಬ್ಲ್ಯಾಕ್‌ಪೂಲಿನಲ್ಲೇ ವಸತಿಮನೆ ನಡೆಸುತ್ತಿದ್ದಳು! ಬೇರೆ ಯಾರೋ ಅಂತರ್ಜಾಲದಲ್ಲಿ ಹಾಕಿದ್ದ ವಂಶವೃಕ್ಷವೂ ಅದನ್ನೇ ಹೇಳಿತು. ಅರ್ಧ ಸಂಪಾದಕೀಯ ಬರೆದೂ ಆಗಿತ್ತು. ಆಮೇಲೆ, ಯುದ್ಧ ಶುರುವಾದ 1939ರ ಸೆಪ್ಟೆಂಬರಿನಲ್ಲಿ ಮಾಡಿದ ಜನರ ನೋಂದಣಿ ನೋಡಿದೆ. ಅದರಲ್ಲಿ ವಯಸ್ಸಿನ ಬದಲು ಹುಟ್ಟಿದ ತಾರೀಕೇ ಇರುತ್ತದೆ. ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ನಮ್ಮವಳು ಹುಟ್ಟಿದ್ದು ಮಾರ್ಚಿನಲ್ಲಿ, ವಸತಿಮನೆಯವಳದು ಜೂನ್. ಅದೇ ಹೆಸರು, ಅದೇ ವರ್ಷ, ಹೆಂಗಸು ಬೇರೆ. ಆ ವಂಶವೃಕ್ಷದಲ್ಲಿ ಇಬ್ಬರನ್ನೂ ಹೊಲಿದು ಒಬ್ಬಳನ್ನಾಗಿ ಮಾಡಿದ್ದರು. ಕಥೆ ಚೆಂದವಿದ್ದದ್ದರಿಂದ ನಾನೂ ನಂಬಿದ್ದೆ. ಮೂರು ವಾರ ನೀರಿನಲ್ಲಿ ಹೋಮ.

ನಿಜವಾದವಳು 1911ರ ನಂತರ ನನಗೆ ಸಿಕ್ಕಿಲ್ಲ. 1931ರ ಗಣತಿಯ ಹಾಳೆಗಳು 1942ರ ಡಿಸೆಂಬರಿನ ಬೆಂಕಿಯಲ್ಲಿ ಬೂದಿಯಾದವು. 1941ರಲ್ಲಿ ಗಣತಿ ನಡೆಯಲೇ ಇಲ್ಲ. ಗಣತಿಯ ಹಾಳೆಗಳನ್ನು ನೂರು ವರ್ಷ ಮುಚ್ಚಿಡುತ್ತಾರೆ; ಆ ಲೆಕ್ಕದಲ್ಲಿ 1951ರದು ಹೊರಬರುವುದು 2052ಕ್ಕೆ. ಆಗಿನ ಸಂಪಾದಕರು ಮುಂದುವರಿಸಲಿ.

ಕೈಯಲ್ಲಿ ಉಳಿದದ್ದು ಆ ಗಣತಿಯ ಹಾಳೆ. ಅದನ್ನು ತಾಯಿ ತುಂಬಿರಲಾರಳು. ಅಕ್ಷರ ಕಾರ್ಡಿನದಲ್ಲ: ಇದು ನೆಟ್ಟಗೆ, ಅವಸರವಿಲ್ಲದ್ದು, ಕಾರ್ಡಿನದು ಬಲಕ್ಕೆ ಓಡುವಂಥದ್ದು. ಇಬ್ಬರು ಗಂಡುಮಕ್ಕಳಲ್ಲಿ ಯಾರದಾದರೂ ಇರಬಹುದು. ಒಮ್ಮೆ ಪೆಟ್ಟು ತಿಂದವನು ಹಾಗೆಲ್ಲ ಊಹಿಸಬಾರದು ಎಂದು ಗೊತ್ತಿದೆ. ಆದರೂ ಗೀಟಿನಡಿಯ ಆ ಏಳು, ನಾಲ್ಕು, ಮೂರನ್ನು ಅಮ್ಮನಿಂದ ಕೇಳಿ ಬರೆದುಕೊಂಡವಳು ಅವಳೇ ಎಂದುಕೊಂಡಿದ್ದೇನೆ.