ನೆರೆದೇಶಕ್ಕೆ ಸೇನೆ ಕಳುಹಿಸುವ ಮುನ್ನ: ಶಿವಮೊಗ್ಗದ ಸಂಸದರಿಗೊಂದು ಬಹಿರಂಗ ಪತ್ರ

ಶಿವಮೊಗ್ಗ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಿಂದ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ಶಿಕ್ಷಕನ ನಮಸ್ಕಾರಗಳು. ಅಡಿಕೆಯ ಧಾರಣೆ, ಎಲೆಚುಕ್ಕಿ ರೋಗ, ಮಳೆಗಾಲದ ರಸ್ತೆ, ಇವುಗಳ ಬಗ್ಗೆ ತಮಗೆ ಪತ್ರಗಳು ಬರುತ್ತಲೇ ಇರುತ್ತವೆ. ನಾನು ಬರೆಯುತ್ತಿರುವುದು ಬೇರೊಂದು ವಿಷಯ. 2022ರಲ್ಲಿ ಶ್ರೀಲಂಕಾ, 2024ರಲ್ಲಿ ಬಾಂಗ್ಲಾದೇಶ, 2025ರಲ್ಲಿ ನೇಪಾಳ ಹೀಗೆ ನೆರೆಯ ಸರ್ಕಾರಗಳು ಒಂದೊಂದಾಗಿ ಉರುಳಿದಾಗಲೆಲ್ಲ, ನಮ್ಮ ಸೇನೆ ನುಗ್ಗಿದರೆ ವಾರದೊಳಗೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತನ್ನು ಬಸ್ಸಿನಲ್ಲಿ, ಸೊಸೈಟಿಯ ಜಗುಲಿಯಲ್ಲಿ ಕೇಳಿದ್ದೇನೆ. ಹೇಳಿದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದರು. ಅದು ನನ್ನನ್ನು ಕಳವಳಕ್ಕೆ ದೂಡಿದೆ.

ಪ್ರಬಲ ರಾಷ್ಟ್ರವೊಂದು ನೆರೆಯ ಗೊಂದಲದೊಳಗೆ ಸೇನೆ ಇಳಿಸುವುದು ತನ್ನ ಬಲದ ಮೇಲಿನ ಭರವಸೆಯಿಂದ ಎಂದು ನಾವು ಭಾವಿಸುತ್ತೇವೆ. ನಾನು ಓದಿ ತಿಳಿದ ಮಟ್ಟಿಗೆ, ಬಹಳಷ್ಟು ಸಲ ಅದನ್ನು ಹೊರಡಿಸುವುದು ಅಂಜಿಕೆ. ತಾನು ನೆಚ್ಚಿದ ಆಡಳಿತ ಕೈಜಾರೀತು, ಆ ಜಾಗದಲ್ಲಿ ಎದುರಾಳಿ ಬಂದು ಕೂತಾನು ಎಂಬ ಅಂಜಿಕೆ. 1965ರಲ್ಲಿ ಅಮೆರಿಕ ಡೊಮಿನಿಕನ್ ಗಣರಾಜ್ಯಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳುಹಿಸಿದ್ದು ಅಲ್ಲಿ ಕ್ಯೂಬಾದಂಥ ಇನ್ನೊಂದು ಕಮ್ಯುನಿಸ್ಟ್ ಆಡಳಿತ ಹುಟ್ಟೀತೆಂಬ ಭಯದಿಂದ.

ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಫ್ಘಾನಿಸ್ತಾನದಲ್ಲಿ. 1978ರ ಏಪ್ರಿಲ್‌ನಲ್ಲಿ ಕಾಬೂಲಿನ ಕಮ್ಯುನಿಸ್ಟರು ಸೈನ್ಯದ ನೆರವಿನಿಂದ ಅಧಿಕಾರ ಹಿಡಿದು, ಹಳ್ಳಿಗಾಡಿನ ಮೇಲೆ ಅವಸರದಲ್ಲಿ ಭೂಸುಧಾರಣೆ ಹೇರಿದರು. ಒಪ್ಪದವರನ್ನು ಸೆರೆಮನೆಗೆ ತಳ್ಳಿದರು, ಕೊಂದರು. 1951ರಲ್ಲಿ ಕಾಗೋಡಿನ ಗೇಣಿದಾರರು ತಾವೇ ಎದ್ದು ನಿಂತು ಕೇಳಿದ ಹಕ್ಕಿಗೂ, ರಾಜಧಾನಿಯಿಂದ ಬಂದೂಕಿನ ಜೊತೆ ಬಂದ ಆದೇಶಕ್ಕೂ ಇರುವ ಅಂತರವನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇಶ ದಂಗೆಯೆದ್ದಿತು. 1979ರ ಮಾರ್ಚ್‌ನಲ್ಲಿ ಹೆರಾತ್‌ನ ಸೇನಾ ತುಕಡಿಯೇ ಬಂಡುಕೋರರನ್ನು ಸೇರಿಕೊಂಡಾಗ, ಅಧ್ಯಕ್ಷ ತರಾಕಿ ಪಡೆ ಕಳುಹಿಸಿಕೊಡಿ ಎಂದು ಮಾಸ್ಕೋದ ಮುಂದೆ ಅಂಗಲಾಚಿದರು. ಸೋವಿಯತ್ ಪ್ರಧಾನಿ ಕೊಸಿಗಿನ್ ಒಪ್ಪಲಿಲ್ಲ. ನಮ್ಮ ಪಡೆ ಬಂದರೆ ಪರಿಸ್ಥಿತಿ ಸುಧಾರಿಸುವ ಬದಲು ಇನ್ನಷ್ಟು ಬಿಗಡಾಯಿಸುತ್ತದೆ, ನಿಮ್ಮ ಜನರ ಮೇಲೆಯೇ ಹೋರಾಡಬೇಕಾಗುತ್ತದೆ ಎಂದು ಅವರಿಗೆ ತಿಳಿಯಹೇಳಿದರು.

ಇಷ್ಟು ಸರಿಯಾಗಿ ಕಂಡ ಮಾಸ್ಕೋದ ನಾಯಕರೇ ಒಂಬತ್ತು ತಿಂಗಳಲ್ಲಿ ಎದುರು ದಾರಿ ಹಿಡಿದರು. ಅಷ್ಟರಲ್ಲಿ ತರಾಕಿಯನ್ನು ಕೊಲ್ಲಿಸಿ ಅವರದೇ ಪಕ್ಷದ ಅಮೀನ್ ಅಧಿಕಾರಕ್ಕೆ ಬಂದಿದ್ದರು. ಒಂದು ಕಾಲಕ್ಕೆ ಅಮೆರಿಕದಲ್ಲಿ ಓದಿದ್ದ ಈತ ಆ ಕಡೆಗೆ ವಾಲಬಹುದೆಂಬ ಶಂಕೆ ಸೋವಿಯತ್ ಬೇಹುಗಾರರನ್ನು ಕಾಡತೊಡಗಿತ್ತು. ಇರಾನಿನಲ್ಲಿ ಕ್ರಾಂತಿಯಾಗಿತ್ತು. ಸೋವಿಯತ್-ಅಫ್ಘನ್ ಗಡಿಯ ಎರಡೂ ಬದಿಯಲ್ಲಿ ತಾಜಿಕರು, ಉಜ್ಬೆಕರು, ತುರ್ಕಮೆನರು ಬದುಕುತ್ತಿದ್ದುದರಿಂದ, ದಂಗೆಯ ಕಿಚ್ಚು ತಮ್ಮ ನೆಲಕ್ಕೂ ಹಬ್ಬೀತೆಂಬ ಅಂಜಿಕೆ ಮಾಸ್ಕೋಗಿತ್ತು. ಡಿಸೆಂಬರ್ 12ರಂದು ಆದ ತೀರ್ಮಾನದ ಕಾಗದ ಇಂದು ಓದಲು ಸಿಗುತ್ತದೆ. ಗುಟ್ಟು ಹೊರಬೀಳಬಾರದೆಂದು ಟೈಪ್ ಮಾಡಿಸದೆ ಸೋವಿಯತ್ ಪಕ್ಷದ ಹಿರಿಯ ನಾಯಕ ಚೆರ್ನೆಂಕೊ ಕೈಯಲ್ಲೇ ಬರೆದ ಟಿಪ್ಪಣಿ ಅದು. ಅದರ ತಲೆಬರಹ ‘“ಎ”ಯಲ್ಲಿನ ಪರಿಸ್ಥಿತಿಯ ಕುರಿತು’. ಅದರಲ್ಲಿ ದೇಶದ ಹೆಸರಿಲ್ಲ. ಸೇನೆ ಎನ್ನುವ ಕಡೆ ‘ಕ್ರಮಗಳು’ ಎಂದಷ್ಟೇ ಇದೆ. ಕೊಸಿಗಿನ್ ಅವರ ಸಹಿಯೂ ಅಲ್ಲಿಲ್ಲ. ಒಂದು ದೇಶದ ಹಣೆಬರಹವನ್ನು ಅದರ ಹೆಸರನ್ನೂ ಬರೆಯದೆ ಬದಲಿಸಿದ ಆ ಟಿಪ್ಪಣಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ.

ಸೋವಿಯತ್ ಪಡೆ ಬೇಕೆಂದು ಅಮೀನ್ ಕೂಡ ಕೇಳುತ್ತಿದ್ದರು. ಬಂದ ಪಡೆ ಡಿಸೆಂಬರ್ 27ರಂದು ಅವರನ್ನೇ ಅರಮನೆಯಲ್ಲಿ ಕೊಂದು, ಮಾಸ್ಕೋ ನೆಚ್ಚಿದ ಅಫ್ಘನ್ ನಾಯಕ ಕರ್ಮಾಲ್ ಅವರನ್ನು ಗದ್ದುಗೆಗೆ ಏರಿಸಿತು. ಕೊನೆಯ ತುಕಡಿ ಅಮು ದರಿಯಾ ನದಿಯ ಸೇತುವೆ ದಾಟಿ ಹಿಂದಿರುಗಿದ್ದು 1989ರ ಫೆಬ್ರವರಿ 15ರಂದು. ಅಷ್ಟರೊಳಗೆ ಸುಮಾರು ಹದಿನೈದು ಸಾವಿರ ಸೋವಿಯತ್ ಸೈನಿಕರು ಸತ್ತಿದ್ದರು, ಐವತ್ತು ಲಕ್ಷಕ್ಕೂ ಹೆಚ್ಚು ಅಫ್ಘನ್ನರು ಮನೆಮಠ ಬಿಟ್ಟು ನೆರೆದೇಶಗಳ ಪಾಲಾಗಿದ್ದರು. ಯಾವ ಆಡಳಿತವನ್ನು ಉಳಿಸಲು ಹೋದರೋ ಅದು 1992ರಲ್ಲಿ ಬಿದ್ದುಹೋಯಿತು.

ನಾವು ಸೋವಿಯತ್ ಒಕ್ಕೂಟವಲ್ಲ ಎಂದು ತಾವು ಹೇಳಬಹುದು. ಆದರೆ ನಮ್ಮ ನೆರೆಹೊರೆಯಲ್ಲಿ ದೊಡ್ಡವರು ನಾವೇ. 1987ರ ಜುಲೈ 29ರ ಒಪ್ಪಂದದಂತೆ, ಕೊಲಂಬೊ ಸರ್ಕಾರದ ಒಪ್ಪಿಗೆಯಿಂದಲೇ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋಯಿತು. ಅಕ್ಟೋಬರ್ ಹೊತ್ತಿಗೆ ಎಲ್‌ಟಿಟಿಇ ಜೊತೆ ಯುದ್ಧದಲ್ಲಿ ಸಿಲುಕಿತು. 1990ರ ಮಾರ್ಚ್‌ನಲ್ಲಿ ಸುಮಾರು 1,200 ಯೋಧರನ್ನು ಕಳೆದುಕೊಂಡು ಮರಳಿತು. ಆ ಪಡೆಯಲ್ಲಿದ್ದವರೊಬ್ಬರು ನಮ್ಮ ಪಕ್ಕದ ಊರಿನಲ್ಲಿದ್ದಾರೆ. ಜಾಫ್ನಾಕ್ಕೆ ಕಾಲಿಟ್ಟಾಗ ಹೂಮಾಲೆ ಹಾಕಿದ ಓಣಿಯಲ್ಲೇ ಮೂರು ತಿಂಗಳಿಗೆ ನೆಲಬಾಂಬು ಸಿಡಿಯಿತು ಎನ್ನುತ್ತಾರೆ. ಇಂದಿಗೂ ಅಡಿಕೆ ತೋಟದಲ್ಲಿ ಬಿದ್ದ ಸೋಗೆಯನ್ನು ಅವರು ತುಳಿಯುವುದಿಲ್ಲ. ಕೋಲಿನಿಂದ ಸರಿಸಿ, ಅಡಿಯ ಮಣ್ಣು ನೋಡಿ, ಆಮೇಲೆ ಹೆಜ್ಜೆ ಇಡುತ್ತಾರೆ.

ಎಂದೂ ಹೋಗಕೂಡದು ಎಂಬುದು ನನ್ನ ವಾದವಲ್ಲ. 1971ರಲ್ಲಿ ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ನೆಲಕ್ಕೆ ಬಂದಿದ್ದರು, ಪಾಕಿಸ್ತಾನ ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿತ್ತು. ಯುದ್ಧ ಮುಗಿದು ಕೆಲವೇ ತಿಂಗಳಲ್ಲಿ ನಮ್ಮ ಸೇನೆ ಬಾಂಗ್ಲಾದೇಶದಿಂದ ಹೊರಬಂದಿತು. ಏಕೆ ಹೋಗುತ್ತೇವೆ, ಯಾರ ಪರವಾಗಿ ಹೋಗುತ್ತೇವೆ, ಯಾವಾಗ ಹಿಂದಿರುಗುತ್ತೇವೆ ಎಂಬುದಕ್ಕೆ ಹೊರಡುವ ಮೊದಲೇ ಉತ್ತರ ಸಿದ್ಧವಿರಬೇಕು ಎಂಬುದಷ್ಟೇ ನನ್ನ ಬೇಡಿಕೆ.

ಸೇನೆಯನ್ನು ಹೊರದೇಶಕ್ಕೆ ಕಳುಹಿಸಲು ಸಂಸತ್ತಿನ ಒಪ್ಪಿಗೆ ಕಡ್ಡಾಯ ಎಂಬ ನಿಯಮ ನಮ್ಮ ಸಂವಿಧಾನದಲ್ಲಿಲ್ಲ. ಅಮೆರಿಕ ವಿಯೆಟ್ನಾಂನಲ್ಲಿ ಪೆಟ್ಟು ತಿಂದ ಮೇಲೆ, 1973ರಲ್ಲಿ, ಅಧ್ಯಕ್ಷರು ಸೇನೆ ಇಳಿಸಿದ 48 ಗಂಟೆಯೊಳಗೆ ಶಾಸನಸಭೆಗೆ ವರದಿ ಕೊಡಬೇಕೆಂಬ ಕಾನೂನು ಮಾಡಿಕೊಂಡಿತು. ಅದನ್ನು ಅಲ್ಲಿ ಪೂರ್ತಿ ಪಾಲಿಸಿಲ್ಲವಾದರೂ ಕೇಳುವವರ ಕೈಗೆ ಒಂದು ಹಿಡಿಕೆ ಸಿಕ್ಕಿದೆ. ಅಂಥದೊಂದನ್ನು ನಮ್ಮಲ್ಲಿಯೂ ತರಲು ತಾವು ಖಾಸಗಿ ಸದಸ್ಯರ ಮಸೂದೆ ಮಂಡಿಸಬೇಕೆಂದು ವಿನಂತಿಸುತ್ತೇನೆ. ಶುಕ್ರವಾರದ ಮಧ್ಯಾಹ್ನ ಖಾಸಗಿ ಸದಸ್ಯರ ಕಲಾಪಕ್ಕೆಂದೇ ಮೀಸಲಿದೆ. ತಾವು ತೀರ್ಥಹಳ್ಳಿಯ ಕಡೆ ಬಂದಾಗ ಒಂದು ಗಂಟೆ ಬಿಡುವು ಮಾಡಿಕೊಂಡರೆ, ಮೇಲೆ ಹೇಳಿದ ಮಾಜಿ ಸೈನಿಕರು ತಮ್ಮೊಡನೆ ಮಾತನಾಡಲು ಒಪ್ಪಿದ್ದಾರೆ. ಅವರ ಮನೆ ಹಳ್ಳದ ಆಚೆಗಿದೆ. ಸಂಕದವರೆಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು